ಹಳೆಯ ಬಂದೂಕು, ಮರುತುಂಬಿದ ತೋಟಾ

ಈ ಸಂಜೆ ನಾವು ವಿಚಾರಮಾಡಹೊರಟಿರುವ ಪದಾರ್ಥವು ಮೂರು ಅಂಗುಲ ಉದ್ದದ್ದು. ತೂಕದಲ್ಲಿ ಸುಮಾರು ಎರಡು ತೊಲೆಯದು. ಮೈಸೂರು ಸೀಮೆಯವರು ಇದನ್ನು ತೋಟಾ ಎನ್ನುತ್ತಾರೆ. ಬೆಳಗಾವಿಯ ಕಡೆಯವರು ನೆರೆಯ ಮರಾಠಿಯ ಮಾತನ್ನು ತಮ್ಮದಾಗಿ ಮಾಡಿಕೊಂಡು ಕಾಡತೂಸು ಎನ್ನುತ್ತಾರೆ. ಬಂದೂಕಿನ ವಿಷಯವೆತ್ತಿದರೆ ಜನರು ನಳಿಗೆಯ ಉದ್ದವನ್ನೂ ಮರದ ಹಿಡಿಯ ಚೆಲುವನ್ನೂ ಗುರಿಕಾರನ ಜಾಣ್ಮೆಯನ್ನೂ ಕೊಂಡಾಡುವುದು ವಾಡಿಕೆ. ತೋಟಾದ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಹಾಗಿದ್ದರೂ ಬಂದೂಕು ತಾನಾಗಿ ಒಂದು ಕಬ್ಬಿಣದ ಕೊಳವೆಯಷ್ಟೆ. ಕೊಲ್ಲುವ ಬಲವೆಲ್ಲ ತೋಟಾದಲ್ಲಿದೆ. ಹಾರಿಸಿದ ಖಾಲಿ ತೋಟಾವನ್ನು ಎತ್ತಿಟ್ಟುಕೊಂಡು ಅದರಲ್ಲಿ ಮತ್ತೆ ಮದ್ದು ಗುಂಡುಗಳನ್ನು ತುಂಬಿ ಹಳೆಯ ಸೈನ್ಯದ ಬಂದೂಕಿನಲ್ಲಿ ಹಾರಿಸಬಹುದೆ? ಹಾರಿಸಿದರೆ ಏನಾಗುತ್ತದೆ? ಇದು ಮೇಲೆ ನೋಡುವುದಕ್ಕೆ ಹವ್ಯಾಸಿಗಳ ಪ್ರಶ್ನೆಯಂತೆ ಕಾಣುತ್ತದೆ. ನಮ್ಮ ಗಡಿನಾಡಿನ ಕೆಲವು ತಾಲೂಕುಗಳಲ್ಲಿ ಅದು ಕಣ್ಣು ಬೆರಳುಗಳ ಪ್ರಶ್ನೆಯೂ ಸೆರೆಮನೆಯ ಪ್ರಶ್ನೆಯೂ ಆಗಿದೆ.

ಆ ತಾಲೂಕುಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ. ನಿಪ್ಪಾಣಿ ಕಾಗವಾಡಗಳು ಇತ್ತೀಚೆಗೆ ತಾಲೂಕುಗಳಾದುವು. ಮೊದಲು ಅವು ಕ್ರಮವಾಗಿ ಚಿಕ್ಕೋಡಿಗೂ ಅಥಣಿಗೂ ಸೇರಿದ್ದುವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರು ಕುಡಿದು ಕಬ್ಬು ತಂಬಾಕುಗಳನ್ನು ಬೆಳೆಯುವ ನೆಲ ಇದು. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರಖಾನೆ ಹುಟ್ಟಿದ ಮೇಲೆ ನದಿಯ ದಂಡೆಯಲ್ಲಿ ಕಬ್ಬಿನ ಗದ್ದೆ ಹಬ್ಬಿತು. ಕಬ್ಬು ಇದ್ದಲ್ಲಿ ಹಂದಿಗೆ ಮನೆಯಾಯಿತು. ಹಂದಿಯ ಕಾಟವಿದ್ದಲ್ಲಿ ರೈತನ ಮನಸ್ಸು ಬಂದೂಕಿನ ಕಡೆಗೆ ತಿರುಗುವುದು ಸಹಜ. ಇನ್ನೊಂದು ಕಾರಣವೂ ಉಂಟು. ಬೆಳಗಾವಿಯು 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರಸ್ಥಾನ. ದಂಡಿನಿಂದ ನಿವೃತ್ತರಾದವರು ಇರುವ ಹಳ್ಳಿಗಳಲ್ಲಿ ಬಂದೂಕಿನ ಮಾತು ತಿಳಿಯದ ಮನೆ ಕಡಿಮೆ. ಬಂದೂಕನ್ನು ಬಿಚ್ಚಿ ಜೋಡಿಸಬಲ್ಲವನಿಗೆ ತೋಟಾವನ್ನು ತುಂಬುವುದೇನು ಮಹಾ ಎಂದು ತೋರುವುದೂ ಸಹಜವೇ. ಅಪಾಯ ಅಲ್ಲಿಯೇ ಇದೆ.

ತೋಟಾ ತುಂಬುವ ಕೆಲಸ ಒಂದು ಕಾಲಕ್ಕೆ ಎಲ್ಲರದೂ ಆಗಿತ್ತು. ಮೈಸೂರು ಮಲೆನಾಡುಗಳಲ್ಲಿ ಕೇಪಿನ ಕೋವಿ ಎಂದೂ ಗಡಿನಾಡಿನಲ್ಲಿ ಠಾಸಣಿ ಬಂದೂಕು ಎಂದೂ ಕರೆಯುವ ಆಯುಧದಲ್ಲಿ ತೋಟಾ ಎಂಬುದೇ ಇಲ್ಲ. ಬಾಯಿಯಿಂದ ಮದ್ದು ಸುರಿಯಬೇಕು, ನಾರನ್ನೋ ಬಟ್ಟೆಯನ್ನೋ ಗಿಡಿಯಬೇಕು, ಗುಂಡನ್ನೋ ಚರೆಯನ್ನೋ ಹಾಕಬೇಕು, ಮತ್ತೆ ಗಿಡಿಯಬೇಕು. ಸೈನ್ಯದವರಿಗೆ ಇಷ್ಟು ಪುರಸೊತ್ತಿಲ್ಲದ ಕಾರಣ ಒಂದು ಈಡಿಗೆ ಬೇಕಾದ ಮದ್ದು ಗುಂಡುಗಳನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುವ ಉಪಾಯ ಬಂದಿತು. ಮರದ ಕಡ್ಡಿಗೆ ಕಾಗದವನ್ನು ಸುತ್ತಿ, ಒಂದು ತುದಿಗೆ ಗುಂಡನ್ನಿಟ್ಟು ಕಟ್ಟಿ, ಕಡ್ಡಿಯನ್ನು ತೆಗೆದು, ಮದ್ದು ತುಂಬಿ, ಬಾಯನ್ನು ಹೊಸೆದು ಮಡಿಸಬೇಕು. ನಿಪ್ಪಾಣಿಯ ಓಣಿಗಳಲ್ಲಿ ಹೆಂಗಸರು ಎಲೆಯಲ್ಲಿ ತಂಬಾಕಿನ ಪುಡಿ ಹಾಕಿ ಸುತ್ತಿ ದಾರ ಬಿಗಿದು ತುದಿ ಮಡಿಚುವುದನ್ನು ಕಂಡವರಿಗೆ ಈ ಕೆಲಸದ ರೀತಿಯನ್ನು ಹೆಚ್ಚಾಗಿ ವರ್ಣಿಸಬೇಕಾದದ್ದಿಲ್ಲ. ಬೀಡಿ ಕಟ್ಟಬಲ್ಲ ಕೈ ಅಂದಿನ ತೋಟಾವನ್ನೂ ಕಟ್ಟಬಲ್ಲುದಾಗಿತ್ತು. ಅದೇ ನಿಪ್ಪಾಣಿಯ ಸಿದ್ಧೋಜಿರಾವ್ ನಿಂಬಾಳಕರ ದೇಸಾಯಿ 1803ರಲ್ಲಿ ತನ್ನ ರಾವುತರೊಡನೆ ವೆಲ್ಲೆಸ್ಲಿಯ ದಂಡಿನ ಸಂಗಡ ಹೋದನು. ವೆಲ್ಲೆಸ್ಲಿಯ ಸಿಪಾಯಿಗಳ ಚೀಲಗಳಲ್ಲಿ ಇದ್ದುದು ಇಂಥ ಕಾಗದದ ತೋಟಾಗಳೇ. ಹಲ್ಲಿನಿಂದ ಕಚ್ಚಿ ಹರಿದು ಅದನ್ನು ಬಂದೂಕಿಗೆ ಸುರಿಯಬೇಕಾಗಿತ್ತು. ಆ ಕಚ್ಚುವ ಕ್ರಿಯೆಯಿಂದ 1857ರಲ್ಲಿ ಎಂಥ ಬೆಂಕಿ ಎದ್ದಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ಆದರೆ ಕನ್ನಡ ನಾಡಿನಲ್ಲಿ ಎದ್ದ ಬೆಂಕಿಗೆ ಕಾರಣ ತೋಟಾದ ಕೊಬ್ಬಲ್ಲ. ಪ್ರಜೆಗಳೆಲ್ಲ ಆಯುಧಗಳನ್ನು ದಾಖಲುಮಾಡಿ ಪರವಾನಗಿ ಪಡೆಯಬೇಕೆಂಬ ಅದೇ ವರ್ಷದ ಕಾಯಿದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೆಳಗಾವಿ ಬಾಗಲಕೋಟೆಗಳ ಕಡೆಯಿಂದ ಕುಂಪಣಿಯ ದಂಡು ಬಂದು ಊರನ್ನು ಸುಟ್ಟಿತು. 1857ರ ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಫ್ಲೀಟ್ ಸಾಹೇಬರು ಮುಂದೆ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಕಾಯಿದೆ ಮಾಡಿದವರು ಈ ಪ್ರಸಂಗಗಳಿಂದ ಕಲಿತದ್ದು ಏನೆಂಬುದು 1878ರ ಆಯುಧಗಳ ಶಾಸನವನ್ನು ಓದಿದರೆ ತಿಳಿಯುತ್ತದೆ. ಅದು ಬಂದೂಕು ಕತ್ತಿಗಳನ್ನು ಮಾತ್ರ ಹೆಸರಿಸಿ ಸುಮ್ಮನಾಗಲಿಲ್ಲ. ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಕೂಡ ಸರಕಾರ ಬಯಸಿದಾಗ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವಂತೆ ಏರ್ಪಡಿಸಿತು. ಬಂದೂಕನ್ನು ಗೋಡೆಯಲ್ಲಿ ಹುಗಿದು ಬಚ್ಚಿಡಬಹುದು. ಮದ್ದನ್ನು ಮಾತ್ರ ಮತ್ತೆ ಮತ್ತೆ ಹೊಸದಾಗಿ ತರಲೇಬೇಕು. ಹಿಡಿಯಬೇಕಾದ ಜಾಗ ಯಾವುದೆಂಬುದನ್ನು ಆಳುವವರು ಸರಿಯಾಗಿಯೇ ಕಂಡುಕೊಂಡಿದ್ದರು. ಚಿಕ್ಕೋಡಿ ಅಥಣಿಗಳಲ್ಲಿ ಈ ಶಾಸನ ನಡೆಯುತ್ತಿತ್ತು. ರಾಯಬಾಗವು 1949ರ ವರೆಗೆ ಕೊಲ್ಲಾಪುರದ ಮಹಾರಾಜರಿಗೆ ಸೇರಿದ್ದುದರಿಂದ ಬ್ರಿಟಿಷರ ಶಾಸನ ಅಲ್ಲಿ ತಾನಾಗಿ ನಡೆಯುವಂತಿರಲಿಲ್ಲ. ಊರಿನ ಎಲ್ಲೆ ದಾಟಿದರೆ ಕಾನೂನು ಬದಲಾಗುವ ವಿಚಿತ್ರ ಆ ಸೀಮೆಯವರಿಗೆ ದಿನಬಳಕೆಯದಾಗಿತ್ತು.

ಇನ್ನು ಸೈನ್ಯದ ಹಳೆಯ ಬಂದೂಕಿಗೆ ಬರೋಣ. ನಮ್ಮಲ್ಲಿ ತ್ರೀ-ನಾಟ್-ತ್ರೀ ಎಂದು ಪ್ರಸಿದ್ಧವಾದ ಲೀ-ಎನ್‌ಫೀಲ್ಡ್ ಬಂದೂಕು ಎರಡು ಮಹಾಯುದ್ಧಗಳನ್ನು ಕಂಡಿತು. 1962ರಲ್ಲಿ ಚೀನದ ಗಡಿಯಲ್ಲಿಯೂ ನಮ್ಮ ಯೋಧರ ಹೆಗಲ ಮೇಲಿತ್ತು. ಆ ಬಳಿಕ ಪೊಲೀಸರ ಕೈಗೆ ಇಳಿದು ಬಹುಕಾಲ ಬಾಳಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಈ ಬಂದೂಕು ತಯಾರಾದದ್ದು ಕಲಕತ್ತೆಯ ಬಳಿಯ ಇಷಾಪುರದಲ್ಲಿ. ಅದರ ತೋಟಾ, 1869ರಲ್ಲಿ ಪುಣೆಯ ಖಡಕಿಯಲ್ಲಿ ಸ್ಥಾಪನೆಯಾದ ಕಾರಖಾನೆಯಲ್ಲಿ. ಹೊಗೆಯಿಲ್ಲದ ಮದ್ದಾದ ಕಾರ್ಡೈಟನ್ನು ತಯಾರಿಸಲು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ, ಬಡಗರ ಹಟ್ಟಿಗಳ ನಡುವೆ, ಕಾರಖಾನೆ ಎದ್ದಿತು. ಮೈಸೂರಿನಿಂದ ಉದಕಮಂಡಲಕ್ಕೆ ಹೋಗಿ ಕೂನೂರಿನ ಕಡೆಗೆ ಇಳಿದ ಶ್ರೋತೃಗಳು ಆ ನಿಲ್ದಾಣದ ಹಲಗೆಯನ್ನು ಓದಿರಬೇಕು. ಒಂದು ಈಡು ಹಾರುವುದಕ್ಕೆ ದೇಶದ ಮೂರು ಮೂಲೆಗಳು ಕೂಡಿ ದುಡಿಯಬೇಕಾಗಿತ್ತು.

ಬಂದೂಕು ಯಾವ ತೋಟಾಕ್ಕಾಗಿ ಹುಟ್ಟಿತೋ ಆ ತೋಟಾವನ್ನೇ ಬೇಡುತ್ತದೆ ಎಂಬುದಕ್ಕೆ 1914ರ ಒಂದು ಸಂಗತಿ ಸಾಕು. ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಅವರ ಕೈಯಲ್ಲಿದ್ದ ಬಂದೂಕುಗಳು 215 ಗ್ರೇನ್ ತೂಕದ ಮೊಂಡು ಮೂಗಿನ ಹಳೆಯ ಗುಂಡಿಗೆ ಹೊಂದಿಸಿದವು. ಅಷ್ಟರಲ್ಲಿ ಬ್ರಿಟಿಷ್ ಸೈನ್ಯ 174 ಗ್ರೇನ್ ತೂಕದ ಚೂಪುಗುಂಡಿಗೆ ಬದಲಾಗಿತ್ತು. ತೋಟಾದ ಹೊರಗಿನ ಅಳತೆ ಒಂದೇ. ಆದರೂ ಗುಂಡು ಹೋಗುವ ವೇಗ, ಇಳಿಯುವ ರೀತಿ ಬೇರೆ. ಆದಕಾರಣ ಗುರಿಯ ಪಟ್ಟಿಯೇ ಸುಳ್ಳಾಗುತ್ತಿತ್ತು. ಸಿಪಾಯಿಗಳಿಗೆ ಹೊಸ ಬಂದೂಕುಗಳನ್ನೇ ಹಂಚಬೇಕಾಯಿತು. ಇಡೀ ಸೈನ್ಯವೇ ತೋಟಾಕ್ಕೆ ತಲೆಬಾಗಿದ ಮೇಲೆ ಊರಿನ ಕಮ್ಮಾರನ ಅಂದಾಜು ಎಷ್ಟರದು?

ತೋಟಾದಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದಾಗ ಮದ್ದೂ ಗುಂಡೂ ಹೋಗುತ್ತವೆ, ಕೇಪು ಸಾಯುತ್ತದೆ, ಹಿತ್ತಾಳೆ ಉಳಿಯುತ್ತದೆ. ನಾಲ್ಕರಲ್ಲಿ ಬೆಲೆಬಾಳುವುದು ಅದೇ. ಕೈಯಲ್ಲಿ ಹಿಡಿದರೆ ಇನ್ನೂ ಬೆಚ್ಚಗಿರುತ್ತದೆ, ನೋಟಕ್ಕೆ ಹೊಸದರಂತೆಯೇ ಹೊಳೆಯುತ್ತದೆ. ಇದನ್ನು ಎಸೆಯುವುದಕ್ಕೆ ಯಾರಿಗೆ ತಾನೆ ಮನಸ್ಸು ಬಂದೀತು? ಆದರೆ ಈ ಹಿತ್ತಾಳೆ ಅನುಭವಿಸಿದ್ದೇನೆಂಬುದನ್ನು ಸ್ವಲ್ಪ ಯೋಚಿಸಬೇಕು. ಮೋಟಾರು ಕಾರಿನ ಚಕ್ರದ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಮೂವತ್ತು ಪೌಂಡಿನ ಆಸುಪಾಸು. ತ್ರೀ-ನಾಟ್-ತ್ರೀ ತೋಟಾದೊಳಗೆ ಆ ಒತ್ತಡ ಹದಿನೆಂಟು ಟನ್ನಿಗೂ ಮೇಲೆ ಹೋಗುತ್ತದೆ. ಆ ನಿಮಿಷಾರ್ಧವೂ ಅಲ್ಲದ ಕಾಲದಲ್ಲಿ ಹಿತ್ತಾಳೆ ಉಬ್ಬಿ ನಳಿಗೆಯ ಗೂಡಿಗೆ ಅಂಟಿ, ಬೆಂಕಿಯ ಗಾಳಿ ಹಿಂದಕ್ಕೆ ಗುರಿಕಾರನ ಮುಖಕ್ಕೆ ಬಾರದಂತೆ ಬಿರಡೆಯಾಗಿ ನಿಲ್ಲುತ್ತದೆ. ಕೂಡಲೇ ಕುಗ್ಗಿ ಸಡಿಲವಾಗಿ ಹೊರಗೆ ಬರುತ್ತದೆ. ಒಮ್ಮೆ ಉಬ್ಬಿ ಕುಗ್ಗಿದ ಹಿತ್ತಾಳೆ ಮೊದಲಿಗಿಂತ ಗಡುಸು. ಗಡುಸಾದುದು ಬಾಗುವುದಿಲ್ಲ, ಬಿರಿಯುತ್ತದೆ. ಅಥಣಿಯ ಚಪ್ಪಲಿಯ ಹೊಲಿಗೆ ಬಿಟ್ಟರೆ ಮತ್ತೆ ಹೊಲಿಸಿಕೊಳ್ಳಬಹುದು. ಚರ್ಮ ತಾನು ಸವೆದದ್ದನ್ನು ಕಣ್ಣಿಗೆ ತೋರಿಸುತ್ತದೆ. ಹಿತ್ತಾಳೆ ತೋರಿಸುವುದಿಲ್ಲ.

ಲೀ-ಎನ್‌ಫೀಲ್ಡಿನಲ್ಲಿ ಈ ಸಂಕಟ ಮಿಕ್ಕ ಬಂದೂಕುಗಳಿಗಿಂತ ಹೆಚ್ಚು. ಈ ತೋಟಾದ ಬುಡಕ್ಕೆ ಒಂದು ಅಂಚು ಉಂಟು. ಆ ಅಂಚೇ ತೋಟಾವನ್ನು ನಳಿಗೆಯಲ್ಲಿ ತಡೆದು ನಿಲ್ಲಿಸುತ್ತದೆ. ಅಂಚು ಸರಿಯಾಗಿ ಕುಳಿತರೆ ಸಾಕು ಎಂದುಕೊಂಡು, ಕೆಸರು ಧೂಳುಗಳಲ್ಲಿಯೂ ಸಿಕ್ಕಿಕೊಳ್ಳದಿರಲೆಂದು, ಗೂಡಿನ ಮುಂಭಾಗವನ್ನು ತೋಟಾಕ್ಕಿಂತ ಧಾರಾಳವಾಗಿ ಕೊರೆದಿದ್ದರು. ಕಂದಕದ ಯುದ್ಧದಲ್ಲಿ ಅದು ಸಿಪಾಯಿಯ ಪ್ರಾಣ ಉಳಿಸಿದ ಜಾಣತನ. ಅದಲ್ಲದೆ ಈ ಬಂದೂಕಿನ ಬೋಲ್ಟನ್ನು ಹಿಡಿಯುವ ಕಿವಿಗಳು ಮುಂದಿಲ್ಲ, ಹಿಂದಿವೆ. ಈಡು ಹಾರಿದಾಗ ಇಡೀ ಬೋಲ್ಟು ಎಳ್ಳಿನಷ್ಟು ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಇವೆರಡೂ ಕೂಡಿ ಹಿತ್ತಾಳೆಯನ್ನು ಉದ್ದಕ್ಕೆ ಎಳೆಯುತ್ತವೆ. ಎಳೆತದ ಭಾರವೆಲ್ಲ ಬೀಳುವುದು ಬುಡದಿಂದ ಸ್ವಲ್ಪ ಮೇಲೆ. ಅಲ್ಲಿ ಒಳಮೈಯಲ್ಲಿ ಉಂಗುರದಂತೆ ತೆಳುವಾಗುತ್ತದೆ. ಹೊರಗೆ ಏನೂ ಕಾಣದು. ಸೈನ್ಯಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ, ಏಕೆಂದರೆ ಸೈನ್ಯ ಒಂದು ತೋಟಾವನ್ನು ಒಂದೇ ಸಲ ಹಾರಿಸುತ್ತದೆ. ಎರಡನೆಯ, ಮೂರನೆಯ, ನಾಲ್ಕನೆಯ ಸಲ ತುಂಬಿದವನ ಪಾಲಿಗೆ ಆ ಉಂಗುರ ಕಾದಿರುತ್ತದೆ. ಅದು ಹರಿದ ದಿನ ಹದಿನೆಂಟು ಟನ್ನಿನ ಗಾಳಿಗೆ ಹಿಂದಕ್ಕೆ ದಾರಿ ಸಿಕ್ಕುತ್ತದೆ. ಆ ದಾರಿಯ ಕೊನೆಯಲ್ಲಿ ಇರುವುದು ಗುರಿ ಹಿಡಿದವನ ಕಣ್ಣು.

ಸೈನ್ಯದ ತೋಟಾವನ್ನು ಮರುತುಂಬುವ ಯೋಚನೆಯೇ ಅದನ್ನು ಮಾಡಿದವರಿಗೆ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಗಳೂ ಇವೆ. ಕಾರ್ಡೈಟು ಪುಡಿಯಲ್ಲ, ಶಾವಿಗೆಯಂಥ ಎಳೆಗಳು. ಕಟ್ಟಿದ ಈ ಎಳೆಗಳು ತೋಟಾದ ಇಕ್ಕಟ್ಟಾದ ಕುತ್ತಿಗೆಯಲ್ಲಿ ಇಳಿಯುವುದು ಕಷ್ಟ. ಕಾರಖಾನೆಯಲ್ಲಿ ಮಾಡುತ್ತಿದ್ದುದು ಏನೆಂದರೆ, ಅಗಲ ಬಾಯಿಯ ಕೊಳವೆಗೆ ಮೊದಲು ಕಾರ್ಡೈಟನ್ನು ಇಟ್ಟು ಆಮೇಲೆ ಕುತ್ತಿಗೆಯನ್ನು ಹಿಸುಕುವುದು! ಇನ್ನು ಕೇಪಿನ ವಿಷಯ. ಕೇಪನ್ನು ಕೂರಿಸುವುದಕ್ಕೆ ಎರಡು ಪದ್ಧತಿಗಳುಂಟು. ಬಾಕ್ಸರ್ ಎಂಬ ಇಂಗ್ಲಿಷನ ಪದ್ಧತಿಯಲ್ಲಿ ಬುಡಕ್ಕೆ ನಡುವೆ ಒಂದು ತೂತು. ಸತ್ತ ಕೇಪನ್ನು ಒಳಗಿನಿಂದ ಕಡ್ಡಿಯಿಂದ ತಳ್ಳಬಹುದು. ಬರ್ಡನ್ ಎಂಬ ಅಮೆರಿಕದವನ ಪದ್ಧತಿಯಲ್ಲಿ ಪಕ್ಕಕ್ಕೆ ಎರಡು ತೂತು, ತಳ್ಳುವುದಕ್ಕೆ ಆಸ್ಪದವಿಲ್ಲ. ವಿನೋದವೆಂದರೆ, ಅಮೆರಿಕದವರು ಇಂಗ್ಲಿಷನ ಪದ್ಧತಿಯನ್ನು ಹಿಡಿದರು, ಇಂಗ್ಲಿಷರ ಸೈನ್ಯದ ತೋಟಾ ಅಮೆರಿಕದವನ ಪದ್ಧತಿಯನ್ನು ಹಿಡಿಯಿತು. ಅಮೆರಿಕದಲ್ಲಿ ತೋಟಾ ಮರುತುಂಬುವ ಹವ್ಯಾಸ ಮನೆಮನೆಗೆ ಹಬ್ಬುವುದಕ್ಕೆ ಆ ನಡುತೂತು ಒಂದು ಮುಖ್ಯ ಕಾರಣ. ಎರಡನೆಯ ಯುದ್ಧದ ತರುವಾಯ ಹಳೆಯ ಲೀ-ಎನ್‌ಫೀಲ್ಡುಗಳು ಅಲ್ಲಿ ಅಗ್ಗವಾಗಿ ಅಂಗಡಿಗೆ ಬಂದಾಗ, ಜನರು ಬೇಟೆಗಾಗಿಯೂ ಗುರಿಯ ಪಂದ್ಯಕ್ಕಾಗಿಯೂ ಕೊಂಡು, ಅಚ್ಚುಯಂತ್ರ, ಗ್ರೇನಿನ ಹತ್ತನೆಯ ಭಾಗವನ್ನು ತೂಗುವ ತಕ್ಕಡಿ, ಕಾರಖಾನೆಯವರು ಅಚ್ಚುಹಾಕಿಸಿದ ಅಳತೆಯ ಪುಸ್ತಕ ಇವುಗಳನ್ನು ಇಟ್ಟುಕೊಂಡು ತೋಟಾ ತುಂಬತೊಡಗಿದರು. ಅವರಲ್ಲಿ ಬಲ್ಲವರು ಸೈನ್ಯದ ಖಾಲಿ ತೋಟಾವನ್ನು ಮುಟ್ಟದೆ ಮಾರುಕಟ್ಟೆಯ ಹೊಸ ಹಿತ್ತಾಳೆಯನ್ನೇ ಕೊಳ್ಳುತ್ತಾರೆ. ಒಂದು ಬಂದೂಕಿನಲ್ಲಿ ಹಾರಿಸಿದ್ದನ್ನು ಇನ್ನೊಂದಕ್ಕೆ ಹಾಕುವುದಿಲ್ಲ. ಒಂದೊಂದು ಹಿತ್ತಾಳೆಗೂ ಲೆಕ್ಕ ಬರೆದಿಟ್ಟು ಆಯುಷ್ಯ ಮುಗಿದೊಡನೆ ಜಜ್ಜಿ ಎಸೆಯುತ್ತಾರೆ. ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಅಲ್ಲಿ ಬಂದೂಕುಗಳು ಒಡೆದದ್ದುಂಟು.

ಹಳೆಯ ಸೈನ್ಯದ ಕೇಪಿನಿಂದ ಇನ್ನೊಂದು ಕಂಟಕ. ಅದರ ಕಿಡಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗದು. ಸಿಪಾಯಿಗಳು ಆಲಿಕೆಯಿಟ್ಟು ಕುದಿಯುವ ನೀರನ್ನೇ ನಳಿಗೆಯಲ್ಲಿ ಸುರಿದು ತೊಳೆಯುತ್ತಿದ್ದರು. ಕಬ್ಬಿಣಕ್ಕೆ ನೀರೆ ಎಂದು ಮೂಗುಮುರಿದು ಎಣ್ಣೆ ಮಾತ್ರ ಸವರಿದವರ ಬಂದೂಕುಗಳು ಒಳಗೊಳಗೇ ತಿಂದುಹೋದುವು.

ನಮ್ಮ ದೇಶದಲ್ಲಿ ಸೈನ್ಯದ ಹಳೆಯ ಬಂದೂಕು ಅಮೆರಿಕದಲ್ಲಿಯಂತೆ ಸಂತೆಗೆ ಬರಲಿಲ್ಲ. ಬರಬಾರದೆಂಬ ಏರ್ಪಾಟು ಬ್ರಿಟಿಷರ ಕಾಲದ್ದೇ. ದಂಡಿನ ತೋಟಾವನ್ನು ಕದ್ದರೆ ಅದು ಊರಿನ ಯಾವ ಬಂದೂಕಿಗೂ ಹೊಂದಕೂಡದು ಎಂಬುದು ಅವರ ಸೂತ್ರ. ಮಾರ್ಟಿನಿ-ಹೆನ್ರಿ ಎಂಬ ಹಿಂದಿನ ಬಂದೂಕಿನ ಅಳತೆಯಾದ 450ರ ಬೇಟೆಯ ಬಂದೂಕುಗಳನ್ನು 1907ರಲ್ಲಿ ಭಾರತಕ್ಕೂ ಸೂಡಾನಿಗೂ ತರಬಾರದೆಂದು ಕಟ್ಟುಮಾಡಿದರು. ಲಂಡನ್ನಿನ ಬಂದೂಕಿನ ವ್ಯಾಪಾರಿಗಳು ಅಷ್ಟಕ್ಕೆ ಕೈಚೆಲ್ಲಲಿಲ್ಲ. 465, 470, 475 ಎಂದು ಕೂದಲೆಳೆಯಷ್ಟು ಬೇರೆಯಾದ ತೋಟಾಗಳನ್ನು ಸೃಷ್ಟಿಸಿ ನಮ್ಮ ರಾಜಮಹಾರಾಜರಿಗೆ ಮಾರಿದರು. 303ಕ್ಕೂ ಇದೇ ಗತಿಯಾಯಿತು. ಅದರ ಬದಲಿಗೆ ಆಸ್ಟ್ರಿಯಾ ದೇಶದ ಸೈನ್ಯದ ಒಂದು ತೋಟಾವನ್ನು 315 ಎಂಬ ಹೆಸರಿನಿಂದ ಇಲ್ಲಿಗೆ ತಂದರು. ಸ್ವಾತಂತ್ರ್ಯಾನಂತರ ಇಷಾಪುರದ ಕಾರಖಾನೆಯೇ ಲೀ-ಎನ್‌ಫೀಲ್ಡಿನ ಮೈಗೆ 315ರ ನಳಿಗೆಯನ್ನು ತೊಡಿಸಿ ಪರವಾನಗಿಯುಳ್ಳ ಪ್ರಜೆಗಳಿಗೆ ಮಾರತೊಡಗಿತು. ಬಂದೂಕು ಅದೇ, ಬೇರೆಯಾದದ್ದು ತೋಟಾ. ಅಷ್ಟರಿಂದ ನಿಷಿದ್ಧವಾದುದು ಸಮ್ಮತವಾಯಿತು. ಕಾವಲುಗಾರರಿಗೂ ಪೊಲೀಸರಿಗೂ ಎಂದು ಮಾಡಿದ 410 ಮಸ್ಕೆಟ್ಟಿನ ಕಥೆಯೂ ಹೀಗೆಯೇ: 303ರ ಹಿತ್ತಾಳೆಗೆ ಕುತ್ತಿಗೆ ಹಿಸುಕದೆ ನೆಟ್ಟಗೆ ಬಿಟ್ಟರೆ ಅದರ ತೋಟಾ, ತೋಟಾ ಜೋಡಿಸುವ ಪೆಟ್ಟಿಗೆಗೆ ಮರದ ತುಂಡು ಬಡಿದು ಒಂದೊಂದೇ ಈಡು ಹಾರುವಂತೆ ಮಾಡಿದರು. 1962ರ ಯುದ್ಧದ ಮೇಲೆ ಅದೇ ಬಂದೂಕನ್ನು 7.62ರ ಹೊಸ ತೋಟಾಕ್ಕೆ ಹೊಂದಿಸಿದಾಗ ಇಷಾಪುರದವರು ಉಕ್ಕನ್ನೇ ಬದಲಾಯಿಸಿದರು, ಏಕೆಂದರೆ ಆ ತೋಟಾದ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದರೆ ಮೊದಲು ಉಕ್ಕನ್ನು ವಿಚಾರಿಸಬೇಕೆಂಬುದು ಕಾರಖಾನೆಯ ಬುದ್ಧಿ.

ಹಳ್ಳಿಯ ಬುದ್ಧಿ ಠಾಸಣಿ ಬಂದೂಕಿನಲ್ಲಿ ಬೆಳೆದದ್ದು. ಕರಿಮದ್ದು ನಿಧಾನವಾಗಿ ಉರಿಯುತ್ತದೆ, ನಳಿಗೆ ದಪ್ಪ. ಮೊಲಕ್ಕೆ ಇಷ್ಟು, ಹಂದಿಗೆ ಇನ್ನೊಂದು ಚಿಟಿಕೆ ಎಂದು ಹಾಕಿದರೆ ಹೆಗಲಿಗೆ ಪೆಟ್ಟು ಹೆಚ್ಚುತ್ತದೆ, ಹೊಗೆ ಹೆಚ್ಚುತ್ತದೆ, ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಹೊಗೆಯಿಲ್ಲದ ಮದ್ದಿನಲ್ಲಿ ಈ ಸಲಿಗೆ ನಡೆಯದು. ಅಲ್ಲಿ ಚಿಟಿಕೆ ಹೆಚ್ಚಿದರೆ ಒತ್ತಡ ಚಿಟಿಕೆಯಷ್ಟೇ ಹೆಚ್ಚುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ. ತಲೆಮಾರುಗಳಿಂದ ಬಂದ ಕೈಯಳತೆಯೇ ಇಲ್ಲಿ ಶತ್ರುವಾಗುತ್ತದೆ. ಅನುಭವವುಳ್ಳವನು ಅನನುಭವಿಗಿಂತ ಬೇಗ ಕೆಡುತ್ತಾನೆ. ಪಟಾಕಿಯ ಪುಡಿಯನ್ನೂ ಬೆಂಕಿಕಡ್ಡಿಯ ಮದ್ದನ್ನೂ ತುಂಬಲು ಹೋಗುವವರ ಮಾತನ್ನು ಎತ್ತುವುದೇ ಬೇಡ.

ಕಾನೂನು ಈ ವಿಷಯದಲ್ಲಿ ಎಳ್ಳಷ್ಟೂ ಸಂದೇಹಕ್ಕೆ ಎಡೆಗೊಟ್ಟಿಲ್ಲ. 1962ರಲ್ಲಿ ಜಾರಿಗೆ ಬಂದ 1959ರ ಆಯುಧಗಳ ಅಧಿನಿಯಮವು ಮದ್ದುಗುಂಡು ಎಂಬ ಶಬ್ದಕ್ಕೆ ಮಾಡಿದ ಅರ್ಥದಲ್ಲಿ ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಎಂದರೆ ಕೇಪುಗಳ ಡಬ್ಬಿಯೂ ಹಿತ್ತಾಳೆ ಒತ್ತುವ ಅಚ್ಚೂ ಕಾನೂನಿನ ಕಣ್ಣಿಗೆ ಮದ್ದುಗುಂಡುಗಳೇ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದವನಿಗೆ 2019ರ ತಿದ್ದುಪಡಿಯ ಮೇಲೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯ ವರೆಗೂ ಹೋಗಬಹುದಾದ ಶಿಕ್ಷೆ. ಬಂದೂಕಿಗೆ ಪರವಾನಗಿ ಉಂಟಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಸುವ ಪರವಾನಗಿ ಬೇರೆ.

ಇಷ್ಟು ಹೇಳಿದ ಮೇಲೆ ರೈತನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದವನು ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುತ್ತದೆ. ಹಂದಿಗಳಿಗೆ ಚುನಾವಣೆಯ ಪರಿವೆಯಿಲ್ಲ. ತೋಟಾ ಕೊಳ್ಳಬೇಕಾದರೆ ಲೈಸೆನ್ಸುಳ್ಳ ಅಂಗಡಿಯಿರುವ ಪಟ್ಟಣಕ್ಕೆ ಹೋಗಬೇಕು. 1972ರ ವನ್ಯಜೀವಿ ಶಾಸನದಂತೆ ಹಂದಿಗೆ ಗುಂಡು ಹೊಡೆಯುವುದಕ್ಕೂ ಅಪ್ಪಣೆ ಬೇಕು. ಒಂದು ರಾತ್ರಿಯಲ್ಲಿ ಎಕರೆ ಕಬ್ಬು ನೆಲಸಮವಾದವನಿಗೆ ಇವೆಲ್ಲ ಕಚೇರಿಯ ಆಟವೆಂದು ತೋರಿದರೆ ನಾವು ಆಶ್ಚರ್ಯಪಡುವುದಿಲ್ಲ. ಕೊಡಗಿನವರಿಗೆ ಇರುವ ವಿನಾಯಿತಿಯನ್ನು ಎತ್ತಿ ತೋರಿಸಿ ನಮಗೇಕಿಲ್ಲವೆಂದು ಕೇಳುವವರೂ ಉಂಟು. ಆ ವಿನಾಯಿತಿ ಕೂಡ ಬಂದೂಕಿನ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಮನೆಯಲ್ಲಿ ತೋಟಾ ತಯಾರಿಸುವುದಕ್ಕಲ್ಲ. ನಮ್ಮ ಅಭಿಪ್ರಾಯದಲ್ಲಿ ಸರಕಾರ ತೋಟಾವನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುವುದು ಸರಿಯೇ. ಹಾಗೆ ಹಿಡಿದುಕೊಂಡ ಮೇಲೆ ಬೆಳೆ ಕಾಯುವವನಿಗೆ ಬೇಕಾದ ಹತ್ತಿಪ್ಪತ್ತು ಕಾರಖಾನೆಯ ತೋಟಾಗಳನ್ನು ಸಮಯಕ್ಕೆ ಒದಗಿಸುವ ಹೊಣೆಯೂ ಅದರದೇ. ಕಬ್ಬು ಕಟಾವಿನ ಹೊತ್ತಿಗೆ ಅಪ್ಪಣೆ ಚಿಕ್ಕೋಡಿಯ ಕಚೇರಿಯಲ್ಲಿಯೇ ಸಿಕ್ಕಿದರೆ ಕಮ್ಮಾರನ ಬಳಿಗೆ ಹೋಗುವವರು ಕಡಿಮೆಯಾಗುವರು.

ಕೊನೆಯದಾಗಿ, ಕೆಲವು ಮನೆಗಳಲ್ಲಿ ದಂಡಿನಿಂದ ಬಂದ ಹಿರಿಯರ ತಗಡಿನ ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲೆ ಇರಬಹುದು. ಅವುಗಳಲ್ಲಿ ಹಳೆಯ ಪದಕ, ರಜೆಯ ಚೀಟಿ, ಪಟ್ಟಿ, ಬಿಲ್ಲೆಗಳ ಸಂಗಡ ಐದು ತೋಟಾಗಳ ಒಂದು ಕ್ಲಿಪ್ಪು ಸಿಕ್ಕೀತು. ಅದನ್ನು ಹಾರಿಸಿ ನೋಡಬಾರದು; ಇಕ್ಕಳದಿಂದ ಗುಂಡನ್ನು ಕಿತ್ತು ಮದ್ದು ಸುರಿಯಲೂ ಬಾರದು; ಒಲೆಯ ಬಳಿ, ಬಿಸಿಲಿನಲ್ಲಿ ಇಡಬಾರದು; ಮಕ್ಕಳ ಕೈಗಂತೂ ಕೊಡಲೇಬಾರದು. ಎಪ್ಪತ್ತೆಂಬತ್ತು ವರ್ಷದ ಕೇಪು ಸತ್ತಿದೆಯೆಂದು ಯಾರೂ ಭರವಸೆ ಕೊಡಲಾರರು. ಊರಿನ ಇಬ್ಬರು ದೊಡ್ಡವರನ್ನು ಜೊತೆಗೆ ಕರೆದುಕೊಂಡು, ಎಲ್ಲಿ, ಯಾವಾಗ, ಹೇಗೆ ಸಿಕ್ಕಿತೆಂದು ಬರೆದ ಅರ್ಜಿಯೊಡನೆ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಪದಕವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು.